ಬ್ರಶ್ಶಕ್ಕ ಮುಟ್ಟಬಾರದಿದ್ದ ಕೀಬೋರ್ಡು

ಸ್ಕ್ರೂಡ್ರೈವರ್ ಹಿಡಿದು ಕೀಬೋರ್ಡಿನ ಮೇಲೆ ಬಗ್ಗಿದ್ದ ಮೊಮ್ಮಗಳ ಕೈಮೇಲೆ ಬ್ರಶ್ಶಕ್ಕ ಪಟ್ಟೆಂದು ಒಂದೇಟು ಕೊಟ್ಟಳು. ಜೋರಾಗಿ ಏನಲ್ಲ, ಸಕ್ಕರೆ ಡಬ್ಬಿಗೆ ಕೈ ಹಾಕಿದ ಮಗುವಿಗೆ ಕೊಡುವಷ್ಟು.

"ಹಲ್ಲು ಕೀಳೋಕೆ ಯಾರಾದ್ರೂ ಹಾರೆ ತರ್ತಾರೇನೇ? ಇಡು ಅದನ್ನ ಕೆಳಗೆ."

"ಒಳಗೆಲ್ಲ ಬಿಸ್ಕತ್ತಿನ ಪುಡಿ ಅಜ್ಜಿ. ಒಂದೊಂದೇ ಮೀಟಿ ತೆಗೀತೀನಿ ಅಷ್ಟೆ."

"ಮೀಟೋದಲ್ಲ, ನೆಟ್ಟಗೆ ಮೇಲಕ್ಕೆ ಎತ್ತೋದು. ಮೀಟಿದ್ರೆ ಅದರ ಕಾಲು ಮುರಿಯುತ್ತೆ. ಮೊದಲು ವೈರು ಕಿತ್ತಿದೀಯಾ?"

ಕಿತ್ತಿರಲಿಲ್ಲ. ಈಗಿನವರಿಗೆ ಎಲ್ಲದಕ್ಕೂ ಅವಸರ. ಈ ಕೀಬೋರ್ಡಿಗಾಗಿ ಮೊಮ್ಮಗಳು ತಿಂಗಳುಗಟ್ಟಲೆ ಹಂಬಲಿಸಿದ್ದಳು. ಸದ್ದಿಲ್ಲದ ತೆಳ್ಳನೆಯ ಕೀಬೋರ್ಡುಗಳು ಬಂದು ಎಷ್ಟೋ ವರ್ಷವಾದ ಮೇಲೆ ಈ ಹುಡುಗರಿಗೆ ಮತ್ತೆ ಟಕಟಕ ಎನ್ನುವ ದಪ್ಪ ಕೀಬೋರ್ಡೇ ಬೇಕಂತೆ, ಒಂದೊಂದು ಕೀಲಿಯ ಕೆಳಗೂ ಒಂದೊಂದು ಸ್ಪ್ರಿಂಗು ಇರಬೇಕಂತೆ. ಇದನ್ನೆಲ್ಲ ಅವಳು ಹೊಸ ಸಂಗತಿಯೆಂಬಂತೆ ಅಜ್ಜಿಗೆ ವಿವರಿಸಿದ್ದಳು. ಅಂಥ ಹನ್ನೆರಡು ಕೀಬೋರ್ಡುಗಳನ್ನು ಅರ್ಧ ಆಯುಷ್ಯ ತೊಳೆದವಳಿಗೆ ಅದರಲ್ಲಿ ಹೊಸದೇನಿದೆ. ಆದರೂ ಹಿಂದಿನ ಕೋಣೆಯಿಂದ ಆ ಸದ್ದು ಮೊದಲ ಸಲ ಕೇಳಿಸಿದ ದಿನ ಬ್ರಶ್ಶಕ್ಕ ಮಡಿಸುತ್ತಿದ್ದ ಬಟ್ಟೆಯನ್ನು ಎದೆಗೆ ಒತ್ತಿಕೊಂಡು ಹಾಗೇ ನಿಂತುಬಿಟ್ಟಿದ್ದಳು.

ಇವತ್ತು ಇಬ್ಬರೂ ನೆಲದ ಮೇಲೆ ಹಳೆ ಪೇಪರು ಹಾಸಿಕೊಂಡು ಕೂತರು. ಅಜ್ಜಿಯ ಕೈ ತಾನಾಗಿ ಒಂದು ತಂತಿಯನ್ನು ಎರಡು ಕುಣಿಕೆಯಾಗಿ ಬಗ್ಗಿಸಿ, ಮೊದಲ ಕೀಲಿಯ ಪಕ್ಕಕ್ಕೆ ಇಳಿಸಿ, ಟುಪ್ಪೆಂದು ಎತ್ತಿದ್ದನ್ನು ನೋಡಿ ಮೊಮ್ಮಗಳ ಬಾಯಿ ತೆರೆದದ್ದು ತೆರೆದೇ ಇತ್ತು.

"ಇದೆಲ್ಲ ನಿಂಗೆ ಯಾರು ಕಲಿಸಿದ್ದು ಅಜ್ಜಿ?"

ಬ್ರಶ್ಶಕ್ಕ ಹೇಳಿದ್ದು ಸ್ವಲ್ಪ, ಹೇಳದೆ ಉಳಿಸಿಕೊಂಡದ್ದು ಬಹಳ. ಆ ಉಳಿದದ್ದನ್ನೂ ಸೇರಿಸಿದರೆ ಕಥೆ ಹೀಗಿದೆ.

ಅವಳು ದೊಡ್ಡ ಆಸ್ಪತ್ರೆಯೊಂದರಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದಾಗ ಇಪ್ಪತ್ನಾಲ್ಕು ವರ್ಷ. ಗಂಡ ವ್ಯಾನು ಓಡಿಸುತ್ತಿದ್ದ, ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಮೇಲೆ ಅತ್ತೆ. ಆಸ್ಪತ್ರೆಯ ಎರಡನೇ ಮಹಡಿಯ ಮೂಲೆಯಲ್ಲಿ ಟೈಪಿಂಗ್ ಕೋಣೆ. ಡಾಕ್ಟರುಗಳು ಎಕ್ಸ್‌ರೇ ನೋಡಿ, ರೋಗಿಯನ್ನು ನೋಡಿ, ಕಂಡದ್ದನ್ನು ಟೇಪಿನಲ್ಲಿ ಹೇಳಿಬಿಡುತ್ತಿದ್ದರು. ಆ ಟೇಪುಗಳು ಬುಟ್ಟಿಯಲ್ಲಿ ಇಲ್ಲಿಗೆ ಬರುತ್ತಿದ್ದವು. ಹನ್ನೆರಡು ಮಂದಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಕಾಲಡಿಯ ಪೆಡಲು ಒತ್ತಿ ಟೇಪು ಓಡಿಸುತ್ತ, ನಿಲ್ಲಿಸುತ್ತ, ಕೇಳಿದ್ದನ್ನು ಟೈಪ್ ಮಾಡುತ್ತಿದ್ದರು. ಕೋಣೆಯಲ್ಲಿ ಮಾತಿಲ್ಲ, ಬರೀ ಸದ್ದು. ಬಾಗಿಲು ತೆರೆದರೆ ಮುಖಕ್ಕೆ ಹೊಡೆಯುವಂಥ ಸದ್ದು.

ಆಗಾಗ ಒಂದೊಂದು ಕೀಬೋರ್ಡು ಕೆಟ್ಟು ಕೂರುತ್ತಿತ್ತು. ರಿಪೇರಿಯವನು ಬಂದವನು ಪ್ರತಿ ಸಲವೂ ಒಂದೇ ಗೊಣಗು ಗೊಣಗುತ್ತಿದ್ದ. "ಇದು ಕೆಟ್ಟಿಲ್ಲ, ಕೊಳೆ ಹಿಡಿದಿದೆ. ಒಳಗೆ ತಲೆಕೂದಲು, ಉಗುರು, ಚಹಾ, ದೇವರೇ ಬಲ್ಲ. ಇದನ್ನ ಯಾರಾದ್ರೂ ತಿಂಗಳಿಗೊಂದ್ಸಲ ಉಜ್ಜಿದ್ರೆ ನಾನು ಈ ಮೆಟ್ಟಿಲು ಹತ್ತೋದು ತಪ್ಪುತ್ತೆ." ಅಲ್ಲೇ ಪೊರಕೆ ಹಿಡಿದು ನಿಂತಿದ್ದವಳು ಇವಳು. ಕೈ ನೋಡಿದ, ಹಗುರ ಕೈ ಅಂದ, ಕಲಿಸಿದ.

ಮೊದಲು ಕಂಪ್ಯೂಟರು ಆರಿಸು, ಆಮೇಲೆ ವೈರು ಕೀಳು. ತಲೆಕೆಳಗು ಮಾಡಿ ಪೇಪರಿನ ಮೇಲೆ ಮೆಲ್ಲಗೆ ತಟ್ಟು, ಕುಟ್ಟಬೇಡ. ಕೀಲಿಗಳ ಟೋಪಿ ತೆಗೆಯುವ ಮುಂಚೆ ಯಾವುದು ಎಲ್ಲಿತ್ತೆಂದು ಹಾಳೆಯಲ್ಲಿ ಬರೆದುಕೋ. ಉದ್ದನೆಯ ಕೀಲಿಯ ಕೆಳಗೆ ತಂತಿಯಿದೆ, ಅದನ್ನು ಎಳೆದಾಡಬೇಡ. ಟೋಪಿಗಳಿಗೆ ಮಾತ್ರ ನೀರು, ಅದೂ ಉಗುರುಬೆಚ್ಚಗೆ, ಬಿಸಿಯಾದರೆ ಸೊಟ್ಟಗಾಗುತ್ತವೆ. ಕೆಳಗಿನ ಹಲಗೆಗೆ ನೀರು ತಾಕಿಸಬೇಡ. ಅಲ್ಲಿ ಒಣ ಬ್ರಶ್ಶು, ಮೂಲೆಗೆ ಸ್ಪಿರಿಟ್ಟಿನಲ್ಲಿ ಅದ್ದಿ ಹಿಂಡಿದ ಹತ್ತಿ. ತೊಳೆದ ಟೋಪಿಗಳನ್ನು ಬೋರಲು ಹಾಕಿ ನೆರಳಿನಲ್ಲಿ ಒಂದು ದಿನ ಒಣಗಿಸು. ಒಳಗೆ ಒಂದು ಹನಿ ಉಳಿದರೂ ತೊಳೆದದ್ದಕ್ಕಿಂತ ತೊಳೆಯದ್ದೇ ಮೇಲು.

ಅವಳಿಗೆ ಆ ಕೆಲಸ ಮೈಗೆ ಹತ್ತಿಬಿಟ್ಟಿತು. ಮನೆಯಲ್ಲಿ ಸವೆದ ಹಲ್ಲುಜ್ಜುವ ಬ್ರಶ್ಶುಗಳನ್ನೆಲ್ಲ ಕುದಿಸಿ ಆಸ್ಪತ್ರೆಗೆ ಒಯ್ಯತೊಡಗಿದಳು. ಅತ್ತೆ ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು, "ನಮ್ಮ ಸೊಸೆಗೆ ಪ್ರಮೋಷನ್ ಆಗಿದೆ. ಮುಂಚೆ ಆಸ್ಪತ್ರೆ ನೆಲ ಒರೆಸ್ತಿದ್ಲು, ಈಗ ಆಸ್ಪತ್ರೆಗೆ ಹಲ್ಲುಜ್ಜುತ್ತಾಳೆ." ಕೋಣೆಯವರು ಬ್ರಶ್ಶಕ್ಕ ಎಂದು ಕರೆದದ್ದು ಆಗಲೇ. ಕ್ರಮೇಣ ಟೈಪಾದ ಹಾಳೆಗಳನ್ನು ತಾರೀಖಿನ ಪ್ರಕಾರ ಜೋಡಿಸಿ ವಾರ್ಡುಗಳಿಗೆ ತಲುಪಿಸುವ ಕೆಲಸವೂ ಅವಳ ಪಾಲಿಗೆ ಬಂತು.

ಹನ್ನೆರಡರಲ್ಲಿ ಹನ್ನೊಂದು ಕೀಬೋರ್ಡು ಅವಳವು. ಕಿಟಕಿಯ ಪಕ್ಕದ ಹನ್ನೆರಡನೆಯದನ್ನು ಅವಳು ಮುಟ್ಟುವ ಹಾಗಿರಲಿಲ್ಲ. ಅದು ಅರಳುಮಾವನದು.

ಅರಳುಮಾವ ಆ ಕೋಣೆಯ ಹಿರಿಯ ಟೈಪಿಸ್ಟು. ಬಾಯಲ್ಲಿ ದಿನಕ್ಕೆ ನಾಲ್ಕು ಮಾತಾದರೆ ಹೆಚ್ಚು, ಬೆರಳು ಮಾತ್ರ ಅರಳು ಹುರಿದಂತೆ. ಹೆಸರು ಬಂದದ್ದು ಹಾಗೆ. ಉಳಿದವರ ಹಾಳೆಗಳನ್ನು ತಿದ್ದುವುದಕ್ಕೆಂದೇ ಇಬ್ಬರು ಇದ್ದರು, ಕೆಂಪು ಪೆನ್ನು ಹಿಡಿದು ಕೂತಿರುತ್ತಿದ್ದರು. ಅರಳುಮಾವನ ಹಾಳೆ ಅವರ ಮೇಜಿಗೆ ಹೋಗುತ್ತಲೇ ಇರಲಿಲ್ಲ, ನೇರ ಪ್ರಿಂಟರಿನಿಂದ ಲಕೋಟೆಗೆ. ಅಂಥ ಮರ್ಯಾದೆ ಆ ಕೋಣೆಯಲ್ಲಿ ಮತ್ತೊಬ್ಬರಿಗೆ ಇರಲಿಲ್ಲ. ಅದನ್ನು ಅವರು ಬಾಯಿಬಿಟ್ಟು ಹೇಳಿಕೊಂಡವರಲ್ಲ, ಆದರೆ ಕೆಂಪು ಪೆನ್ನಿನವರ ಮೇಜು ದಾಟುವಾಗ ಅವರ ಬೆನ್ನು ಇನ್ನಷ್ಟು ನೆಟ್ಟಗಾಗುತ್ತಿತ್ತು.

ಬ್ರಶ್ಶಕ್ಕನ ದೊಡ್ಡ ಮಗಳಿಗೆ ಟೈಪಿಂಗ್ ಕಲಿಸಿದ್ದು ಅವರೇ. ಶನಿವಾರ ಮಧ್ಯಾಹ್ನ ಹುಡುಗಿಯ ಎರಡೂ ಕೈಯ ಮೇಲೆ ಕರವಸ್ತ್ರ ಹೊದಿಸಿ, "ಕಣ್ಣು ಬೇಡಮ್ಮ, ಬೆರಳಿಗೇ ಗೊತ್ತಾಗ್ಲಿ" ಎನ್ನುತ್ತಿದ್ದರು. ಆ ಹುಡುಗಿ ಮುಂದೆ ಅದೇ ವಿದ್ಯೆಯಿಂದ ತನ್ನ ಕಾಲ ಮೇಲೆ ನಿಂತಳು. ಬ್ರಶ್ಶಕ್ಕನಿಗೆ ಅವರ ಋಣ ತೀರಿಸುವ ದಾರಿ ಕಾಣಲಿಲ್ಲ. ದಿನಾ ಚಹಾ ಲೋಟವನ್ನು ಅವರ ಬಲಗೈ ಹತ್ತಿರ, ಮೇಜಿನ ಅದೇ ಮೂಲೆಯಲ್ಲಿ ಇಡುತ್ತಿದ್ದಳು. ಒಂದು ಸಲ ಅವಸರದಲ್ಲಿ ಎಡಕ್ಕೆ ಇಟ್ಟಾಗ ಲೋಟ ಉರುಳಿತು. "ಎಲ್ಲಿಟ್ಟೆ?" ಎಂದು ಗದರಿದ್ದರು. ಅರಳುಮಾವ ಗದರಿದ್ದು ಅದೊಂದೇ ಸಲ.

ಸಂಜೆಯಾದರೆ ಅವರ ಹೆಂಡತಿ ಗೇಟಿಗೆ ಬರುತ್ತಿದ್ದರು. ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದರು. ಕೋಣೆಯ ಹುಡುಗಿಯರು ಕಿಟಕಿಯಲ್ಲಿ ನಿಂತು ನಗುತ್ತಿದ್ದರು. "ಈ ವಯಸ್ಸಲ್ಲೂ ನೋಡ್ರೇ, ಬಿಟ್ಟಿರಕ್ಕಾಗಲ್ಲ. ನಮ್ಮ ಮನೆಯವರು ಮದುವೆ ಫೋಟೋದಲ್ಲೇ ಕೈ ಹಿಡಿದದ್ದು, ಆಮೇಲಿಲ್ಲ." ಬ್ರಶ್ಶಕ್ಕನೂ ನಕ್ಕವಳೇ. ಸದಾ ಗೋಡೆ ಬದಿಗೇ ನಡೆಯುವುದು, ಹತ್ತಿರ ಬಂದವರನ್ನು ಮಾತಾಡಿಸದೆ ಅವರೇ ಮಾತಾಡಲಿ ಎಂದು ಕಾಯುವುದು, ಎಲ್ಲ ಅವರ ಗತ್ತು ಎಂದುಕೊಂಡಿದ್ದರು. ಹನ್ನೊಂದು ಜನ, ಇಪ್ಪತ್ತೆರಡು ಒಳ್ಳೆಯ ಕಣ್ಣು. ಒಂದಕ್ಕೂ ಏನೂ ಕಾಣಲಿಲ್ಲ. ಇದನ್ನು ನೆನೆದಾಗ ಬ್ರಶ್ಶಕ್ಕನಿಗೆ ಇವತ್ತಿಗೂ ತನ್ನ ಮೇಲೆ ಸಿಟ್ಟು ಬರುತ್ತದೆ.

ತಮ್ಮ ಕೀಬೋರ್ಡನ್ನು ಅರಳುಮಾವ ತಾವೇ ಒರೆಸಿಕೊಳ್ಳುತ್ತಿದ್ದರು. "ನಂದು ನಾನು ನೋಡ್ಕೋತೀನಿ" ಅಷ್ಟೆ ಮಾತು. ಒರೆಸುವುದೆಂದರೆ ಬಟ್ಟೆಯಲ್ಲಿ ಮೇಲೆಮೇಲೆ. ಅಕ್ಷರಗಳ ಟೋಪಿಗಳೆಲ್ಲ ಸವೆದು ಬೋಳಾಗಿದ್ದವು, ಅಂಕಿಗಳ ಸಾಲು ಮಾತ್ರ ಮಸುಕಾಗಿ ಓದಲು ಬರುತ್ತಿತ್ತು. ಸಂದುಗಳಲ್ಲಿ ಕಪ್ಪು ಕೂತಿತ್ತು. ದಾಟಿ ಹೋಗುವಾಗಲೆಲ್ಲ ಬ್ರಶ್ಶಕ್ಕನ ಕೈ ತುರಿಸುತ್ತಿತ್ತು.

ಒಂದು ವಾರದ ಕೊನೆಗೆ ಸುದ್ದಿ ಬಂತು, ಸೋಮವಾರ ಮೇಲಿನವರು ಕೋಣೆ ನೋಡಲು ಬರುತ್ತಾರೆ. ಮೇಲ್ವಿಚಾರಕಿ, ಅಂದರೆ ಎಲ್ಲರ ದೊಡ್ಡ ಮೇಡಂ, ಎಲ್ಲ ಮೇಜೂ ಕನ್ನಡಿಯಂತಿರಬೇಕು ಎಂದರು. ಶನಿವಾರ ಅರಳುಮಾವ ರಜೆ ಹಾಕಿ ತಂಗಿಯ ಮನೆಗೆ ಹೋಗಿದ್ದರು. ಬ್ರಶ್ಶಕ್ಕ ಒಂದು ಗಳಿಗೆ ಯೋಚಿಸಿದಳು. ಬೇಡ ಅಂದವರು ಎದುರಿಗಿಲ್ಲ, ಋಣ ತೀರಿಸುವ ಅವಕಾಶ ಎದುರಿಗಿದೆ. ಹನ್ನೆರಡನೆಯ ವೈರನ್ನೂ ಕಿತ್ತಳು.

ಬೇರೆಯವಕ್ಕೆ ಒಂದು ಗಂಟೆಯಾದರೆ ಅದಕ್ಕೆ ಮೂರು ಗಂಟೆ ಕೊಟ್ಟಳು. ಬೋಳು ಟೋಪಿಗಳು ಅದಲುಬದಲಾಗದಂತೆ ಒಂದೊಂದನ್ನೂ ಸಾಲು ಸಾಲಾಗಿ ಬಟ್ಟೆಯ ಮೇಲೆ ಇಟ್ಟು, ಒಂದೊಂದು ಸಾಲನ್ನೇ ತೊಳೆದು ಅದೇ ಸಾಲಿನಲ್ಲಿ ಒಣಗಲು ಹರವಿದಳು. ಅಂಕಿಗಳ ಸಾಲು ತೊಳೆಯುವಾಗ ನಾಲ್ಕರ ಮೇಲೂ ಏಳರ ಮೇಲೂ ಒಂದೊಂದು ಗಂಟು ಕೈಗೆ ತಾಕಿತು. ಒಣಗಿದ ಗೋಂದು. ಲಕೋಟೆ ಅಂಟಿಸುವಾಗ ಬಿದ್ದಿರಬೇಕು, ಪಾಪ, ಇಷ್ಟು ದಿನ ಹಾಗೇ ಕುಟ್ಟಿಕೊಂಡಿದ್ದಾರೆ ಎಂದು ಮರುಗಿದಳು. ಬೆಚ್ಚನೆ ಸಾಬೂನು ನೀರಿನಲ್ಲಿ ನೆನೆಸಿ, ಮೆದುವಾದ ಮೇಲೆ ಕಡ್ಡಿಯಲ್ಲಿ ತೆಗೆದು, ಬೆರಳಾಡಿಸಿ ನೋಡಿದಳು. ಗಾಜಿನಷ್ಟು ನುಣುಪು. ಅವಳ ಮುಖ ಊರಗಲವಾಯಿತು. ಒಂದು ದಿನ ನೆರಳಿನಲ್ಲಿ ಒಣಗಿಸಿ, ಭಾನುವಾರ ಸಂಜೆ ಬಂದು ಎಲ್ಲವನ್ನೂ ಅವುಗಳ ಜಾಗದಲ್ಲಿ ಕೂರಿಸಿದಳು.

ಸೋಮವಾರ, ತಿಂಗಳ ಇಪ್ಪತ್ತೊಂದು. ಅರಳುಮಾವ ಬಂದು ಕೂತರು, ಹೆಡ್‌ಫೋನು ಹಾಕಿಕೊಂಡರು, ಕೈ ಕೀಬೋರ್ಡಿನ ಮೇಲಿಟ್ಟರು. ಕೈ ಅಲ್ಲೇ ನಿಂತಿತು. ಆಮೇಲೆ ಬೆರಳುಗಳು ಮೇಲಿನ ಸಾಲಿಗೆ ಏರಿ, ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಸವರಿದವು. ತನ್ನ ಕೆಲಸವನ್ನೇ ಮೆಚ್ಚುತ್ತಿದ್ದಾರೆ ಎಂದು ಬ್ರಶ್ಶಕ್ಕ ಉಬ್ಬಿ ಹತ್ತಿರ ಹೋದಳು.

"ಹೇಗಿದೆ ಮಾವ? ನಾನೇ ತೊಳೆದೆ."

ಅವರು ಆ ಸಾಲಿನಿಂದ ಬೆರಳು ತೆಗೆದು ಹೇಳಿದರು, "ಚೆನ್ನಾಗಿದೆ ತಾಯಿ. ತುಂಬಾ ನುಣುಪಾಗಿದೆ."

ಆಮೇಲೆ ಎಂದಿನ ಸದ್ದು ಶುರುವಾಯಿತು. ಮೊದಲ ಹಾಳೆ ತುರ್ತಿನದು. ಬೆನ್ನಿನ ಶಸ್ತ್ರಚಿಕಿತ್ಸೆಗೆ ಮಧ್ಯಾಹ್ನ ಎರಡಕ್ಕೆ ಒಳಗೆ ಹೋಗಲಿದ್ದ ಒಬ್ಬ ಹೆಂಗಸಿನದು. ಬ್ರಶ್ಶಕ್ಕ ಅದನ್ನು ಹಿಡಿದು ಮೇಲಿನ ಮಹಡಿಗೆ ಓಡಿ ನರ್ಸಿನ ಕೈಗೆ ಕೊಟ್ಟು ಬಂದಳು. ಅಷ್ಟರಲ್ಲಿ ಮೇಲಿನವರು ಬಂದರು, ಮೇಜುಗಳನ್ನು ನೋಡಿದರು, ಯಾವುದನ್ನೂ ಮುಟ್ಟದೆ ತಲೆಯಾಡಿಸಿ ಹೋದರು. ಹನ್ನೊಂದೂವರೆಗೆ ಅವಳು ಅರಳುಮಾವನ ಉಳಿದ ಏಳು ಹಾಳೆ ತೆಗೆದುಕೊಂಡು ತಾರೀಖಿನ ಪ್ರಕಾರ ಜೋಡಿಸಲು ಕೂತಳು.

ಏಳೂ ಹಾಳೆಗಳ ಮೇಲೆ ತಾರೀಖು ಮೂವತ್ತೆರಡು.

ಮೊದಲು ನಗು ಬಂತು. ಮಾವನೂ ತಪ್ಪು ಮಾಡ್ತಾರಲ್ಲ ಎಂದು ಒಳಗೊಳಗೇ ಖುಷಿಯೂ ಆಯಿತು. ಆಮೇಲೆ ಹಾಳೆಯ ಒಳಗೆ ಕಣ್ಣು ಹೋಯಿತು. ಮಾತುಗಳಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆ ಇಲ್ಲ. ಆದರೆ ಸೊನ್ನೆ ಇರಬೇಕಾದ ಕಡೆಯಲ್ಲೆಲ್ಲ ಒಂದು ಅಡ್ಡಗೆರೆ. ಒಂಬತ್ತು ತಿಂಗಳ ಮಗುವಿಗೆ ಸೊನ್ನೆ ತಿಂಗಳು. ಪ್ರತಿ ಅಂಕಿಯೂ ಒಂದು ಮನೆ ಪಕ್ಕಕ್ಕೆ ಸರಿದಿದೆ. ಅಂಕಿಗಳ ಟೋಪಿಗಳನ್ನು ತಾನೇ ತಪ್ಪಾಗಿ ಕೂರಿಸಿದ್ದೇನೆ, ಇನ್ನೇನು. ಮರುಕ್ಷಣ ಮೇಲೆ ಹೋದ ಹಾಳೆಯ ನೆನಪಾಯಿತು.

ಮೆಟ್ಟಿಲು ಹೇಗೆ ಹತ್ತಿದಳೋ ಅವಳಿಗೆ ಗೊತ್ತಿಲ್ಲ. ಹಾಳೆಯನ್ನು ನರ್ಸು ಫಲಕಕ್ಕೆ ಸಿಕ್ಕಿಸಿದ್ದಳು.

"ಸಿಸ್ಟರ್, ಅದು ಕೊಡಿ. ಸರಿಯಾದ್ದು ಈಗ ತಂದ್ಕೊಡ್ತೀನಿ."

"ಯಾಕೆ, ಏನಾಯ್ತು? ಅರಳುಮಾವಂದಲ್ವ ಇದು?"

"ತಾರೀಖು ನೋಡಿ."

ನರ್ಸು ನೋಡಿದಳು, ಕೈಯಿಂದ ಬಾಯಿ ಮುಚ್ಚಿಕೊಂಡಳು. ಹಾಳೆಯಲ್ಲಿ ಸೊಂಟದ ಬೆನ್ನುಮೂಳೆಯ 5ನೇ ಮಣಿ ಎಂದಿತ್ತು. ಪಕ್ಕದಲ್ಲಿ ನಿಂತಿದ್ದ ಡಾಕ್ಟರು ಬಗ್ಗಿ ನೋಡಿ, "ನಾನು ಹೇಳಿದ್ದು ನಾಲ್ಕು" ಎಂದರು. ಬ್ರಶ್ಶಕ್ಕನ ಮುಖ ನೋಡಿ ದನಿ ತಗ್ಗಿಸಿದರು. "ಹೆದರಬೇಡಮ್ಮ, ಫಿಲ್ಮು ನೋಡದೆ ನಾವು ಕೈ ಹಾಕಲ್ಲ. ಆದ್ರೆ ಬೇಗ ಸರಿ ಮಾಡ್ಸಿ."

ಅವಳು ಕೋಣೆಗೆ ಬಂದಾಗ ಊಟದ ಹೊತ್ತು, ಎಲ್ಲರೂ ಕೆಳಗೆ ಹೋಗಿದ್ದರು. ಅರಳುಮಾವ ಒಬ್ಬರೇ ಕೂತಿದ್ದರು. ಬ್ರಶ್ಶಕ್ಕ ಏದುಸಿರು ಬಿಡುತ್ತ, "ಮಾವ, ಒಂದು ಕೀ ನೋಡ್ಬೇಕು" ಎಂದು ಕೈ ಚಾಚಿ ಎರಡರ ಕೀಲಿ ಒತ್ತಿದಳು. ಪರದೆಯ ಮೇಲೆ ಎರಡು ಮೂಡಿತು. ನಾಲ್ಕು ಒತ್ತಿದಳು, ನಾಲ್ಕು ಮೂಡಿತು. ಎಲ್ಲವೂ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಅವಳಿಗೆ ತಲೆ ಓಡಲಿಲ್ಲ. ಕೈಲಿದ್ದ ಹಾಳೆಯನ್ನು ಅವರ ಮುಂದೆ ಹಿಡಿದಳು.

"ಇದು ಯಾವ ತಾರೀಖು ಅಂತ ಓದಿ ಮಾವ."

ಅವರು ಹಾಳೆ ತೆಗೆದುಕೊಂಡರು, ನೋಡಿದರು.

"ಇಪ್ಪತ್ತೊಂದು. ಇನ್ನೇನು?"

ಚಹಾದ ಲೋಟ, ಗೋಡೆಯ ಬದಿ, ಗೇಟಿನ ಹತ್ತಿರ ಕೈಹಿಡಿಯುವ ಹೆಂಡತಿ, ಎಲ್ಲ ಒಟ್ಟಿಗೆ ಅರ್ಥವಾಯಿತು. ಅವಳ ಮೌನದಿಂದ ಅವರಿಗೂ ಅರ್ಥವಾಯಿತು. ಹಾಳೆಯನ್ನು ಮೇಜಿನ ಮೇಲೆ ನಿಧಾನವಾಗಿ ಇಟ್ಟರು.

"ಎಷ್ಟಿದೆ ಅದರಲ್ಲಿ?"

"ಮೂವತ್ತೆರಡು."

"ಒಂದು ಮನೆ ಆಚೆ" ಎಂದರು, ತಮಗೇ ಹೇಳಿಕೊಳ್ಳುವಂತೆ. "ಅಕ್ಷರ ಬೆರಳಿಗೆ ಬರುತ್ತೆ. ಅಂಕಿ ಯಾವಾಗ್ಲೂ ನೋಡೇ ಹೊಡೀತಿದ್ದೆ, ಅದನ್ನ ಬೆರಳಿಗೆ ಕಲಿಸ್ಲೇ ಇಲ್ಲ. ಅದಕ್ಕೇ ಕಣ್ಣು ಹೋದ್ಮೇಲೆ ಗುರುತಿಗೆ ಅಂತ ನಾಲ್ಕರ ಮೇಲೆ, ಏಳರ ಮೇಲೆ ಗೋಂದು ಹಾಕ್ಕೊಂಡಿದ್ದೆ."

"ಕೊಳೆ ಅಂದ್ಕೊಂಡೆ ಮಾವ."

"ಹೂಂ. ನೋಡಿದವರಿಗೆ ಕೊಳೆನೇ."

ಅಳುವುದಕ್ಕೆ ಅದು ಹೊತ್ತಾಗಿರಲಿಲ್ಲ. ಎರಡಕ್ಕಿದ್ದ ಆಪರೇಷನ್ನಿಗೆ ಮೇಲಿನ ಮಹಡಿಯಲ್ಲಿ ಆ ಹೆಂಗಸು ಕಾಯುತ್ತಿದ್ದಳು. ಬ್ರಶ್ಶಕ್ಕ ಲಕೋಟೆ ಮೇಜಿನಿಂದ ಗೋಂದಿನ ಸೀಸೆ ತಂದು, ಎರಡು ಕೀಲಿಗಳ ಮೇಲೆ ಒಂದೊಂದು ಹನಿ ಇಟ್ಟು, ಒಲೆ ಊದುವಂತೆ ಕೆನ್ನೆ ಉಬ್ಬಿಸಿ ಊದಿದಳು. ಅರೆ ಒಣಗಿದ ಗೋಂದಿನ ಮೇಲೇ ಅರಳುಮಾವ ಟೈಪ್ ಮಾಡಿದರು. ಒಂದೊಂದು ಹಾಳೆ ಬಂದಂತೆಲ್ಲ ಅವಳು ಅಂಕಿಗಳನ್ನು ಗಟ್ಟಿಯಾಗಿ ಓದಿದಳು, ಅವರು ಟೇಪು ಹಿಂದಕ್ಕೆ ಓಡಿಸಿ ಕೇಳಿ ಸರಿ ಎಂದರು. ಎಂಟು ಹಾಳೆ, ಒಂದು ತಪ್ಪಿಲ್ಲ. ತುರ್ತಿನದನ್ನು ಅವಳು ಒಂದೂಕಾಲಿಗೆ ಮೇಲಿನ ಮಹಡಿಗೆ ಮುಟ್ಟಿಸಿದಳು.

ವಾಪಸು ಬಂದಾಗ ಅವಳ ಮನಸ್ಸು ಹಗುರವಾಗಿತ್ತು. ನರ್ಸಿಗೆ ಏನೋ ಒಂದು ಹೇಳಿದರಾಯಿತು. ಹಳೆಯ ಹಾಳೆ ಹರಿದರಾಯಿತು. ಮಾವನಿಗೆ ಇನ್ನು ಎರಡೇ ವರ್ಷ ಸರ್ವೀಸು, ಇನ್ನು ಮೇಲೆ ದಿನಾ ತಾನೇ ಅಂಕಿ ಓದುತ್ತೇನೆ, ಯಾರಿಗೂ ತಿಳಿಯದ ಹಾಗೆ. ಹೀಗೆಲ್ಲ ಲೆಕ್ಕ ಹಾಕಿಕೊಂಡು ಅವಳು ಬಾಯಿ ತೆರೆಯುವಷ್ಟರಲ್ಲಿ ಅರಳುಮಾವ ಎದ್ದು ನಿಂತಿದ್ದರು.

"ದೊಡ್ಡ ಮೇಡಂ ರೂಮಿಗೆ ಕರ್ಕೊಂಡು ಹೋಗು. ಕೈ ಹಿಡ್ಕೊ."

"ಯಾಕೆ ಮಾವ? ಆಯ್ತಲ್ಲ, ಎಲ್ಲ ಸರಿ ಹೋಯ್ತಲ್ಲ."

"ಒಂದು ಹಾಳೆ ಹೋಗಿತ್ತಲ್ಲ."

"ಅದು ನನ್ನ ತಪ್ಪು. ನಾನೇ ಹೋಗಿ ಹೇಳ್ತೀನಿ, ಕೀ ತಪ್ಪಾಗಿ ಹಾಕಿದ್ದೆ ಅಂತ. ಬೈಸ್ಕೋತೀನಿ, ಅಷ್ಟೆ ತಾನೆ?"

ಅವರು ತಲೆಯಾಡಿಸಿದರು. "ನೀನು ಮಾಡಿದ್ದು ಕ್ಲೀನು. ಬಚ್ಚಿಟ್ಟಿದ್ದು ನಾನು. ಬೆಳಿಗ್ಗೆ ಬೆರಳಿಗೆ ಗೋಂದು ಸಿಗದೇ ಇದ್ದಾಗ ಕೇಳ್ಬೇಕಿತ್ತು. ನಾಲ್ಕು ಯಾವುದು ಅಂತ ಒಂದು ಮಾತು. ನೀನು ಪಕ್ಕದಲ್ಲೇ ನಿಂತಿದ್ದೆ. ನಾಚಿಕೆ ಆಯ್ತು, ಅಂದಾಜಲ್ಲಿ ಹೊಡೆದೆ. ಅಂದಾಜಲ್ಲಿ ಹೊಡೆಯೋನು ಈ ಕುರ್ಚಿಲಿ ಕೂರಬಾರದು."

ಬ್ರಶ್ಶಕ್ಕ ಅವರ ಕೈ ಹಿಡಿದುಕೊಂಡಳು. ಇಪ್ಪತ್ತು ಹೆಜ್ಜೆಯ ಓಣಿ. ಅಷ್ಟು ವರ್ಷ ಅವಳು ನೋಡಿದ್ದು ಬರೀ ಬೆರಳಿನ ಓಟ. ಅವರು ಹೆಜ್ಜೆ ಎಣಿಸಿಕೊಂಡು ನಡೆಯುವುದು ಅವತ್ತೇ ಗೊತ್ತಾದದ್ದು.

ದೊಡ್ಡ ಮೇಡಂ ಎಲ್ಲ ಕೇಳಿಸಿಕೊಂಡರು. ಗಟ್ಟಿ ಹೆಂಗಸು, ಅವರ ದನಿ ಏರಿದ್ದನ್ನೂ ಯಾರೂ ಕೇಳಿರಲಿಲ್ಲ, ಇಳಿದದ್ದನ್ನೂ ಕೇಳಿರಲಿಲ್ಲ.

"ಎಷ್ಟು ದಿನದಿಂದ ಹೀಗೆ?"

"ಓದೋಕೆ ಆಗದೇ ನಾಲ್ಕು ವರ್ಷ. ಬೆಳಕು ಗೊತ್ತಾಗುತ್ತೆ. ಮನುಷ್ಯರು ಇದಾರೆ ಅಂತ ಗೊತ್ತಾಗುತ್ತೆ."

"ನಾಲ್ಕು ವರ್ಷದ ಹಾಳೆ. ಒಬ್ಬರೂ ತಿದ್ದಿಲ್ಲ."

"ಅದಕ್ಕೇ ಬಂದೆ ಮೇಡಂ. ಅವನ್ನೆಲ್ಲ ನೋಡಿಸಿ."

ನೋಡಿಸಿದರು. ಕೆಂಪು ಪೆನ್ನಿನ ಇಬ್ಬರೂ ಮೂರು ವಾರ ನೆಲಮಾಳಿಗೆಯ ಕಪಾಟುಗಳಿಂದ ಅರಳುಮಾವನ ನಕಲು ಹಾಳೆಗಳನ್ನು ತಂದು, ಡಾಕ್ಟರುಗಳು ಟೇಪಿಗೆ ಹೇಳುವ ಮುಂಚೆ ಟಿಪ್ಪಣಿ ಬರೆದಿಟ್ಟ ಪುಸ್ತಕಗಳ ಪಕ್ಕ ಇಟ್ಟು, ಅಂಕಿಗೆ ಅಂಕಿ ತಾಳೆ ಹಾಕಿದರು. ಹಾಳೆ ಹೊತ್ತು ತಂದವಳು ಬ್ರಶ್ಶಕ್ಕ. ಧೂಳು ಒರೆಸುವ ನೆಪದಲ್ಲಿ ಅವರ ಬೆನ್ನ ಹಿಂದೆಯೇ ಸುತ್ತುತ್ತಿದ್ದಳು. ಕೆಂಪು ಪೆನ್ನು ಮೇಲೆದ್ದಾಗಲೆಲ್ಲ ಕತ್ತು ಚಾಚಿ ಹಾಳೆ ಇಣುಕುತ್ತಿದ್ದಳು. ಅಷ್ಟು ದಿನವೂ ಅರಳುಮಾವ ಬಂದು ತಮ್ಮ ಕುರ್ಚಿಯಲ್ಲಿ ಕೂರುತ್ತಿದ್ದರು, ಟೇಪು ಕೊಡುತ್ತಿರಲಿಲ್ಲ. ಕೋಣೆಯ ಹುಡುಗಿಯರು ಈಗ ನಗುತ್ತಿರಲಿಲ್ಲ. ಹತ್ತಿರ ಬಂದರೆ ಮೊದಲು ಮಾತಾಡಿಸುತ್ತಿದ್ದರು, ಅಗತ್ಯಕ್ಕಿಂತ ಗಟ್ಟಿಯಾಗಿ, ಕಿವುಡರ ಜೊತೆ ಮಾತಾಡುವ ಹಾಗೆ. ಅರಳುಮಾವ ಅದನ್ನು ಹೊಟ್ಟೆಗೆ ಹಾಕಿಕೊಂಡರು.

ಮೂರನೆಯ ವಾರದ ಕೊನೆಯಲ್ಲಿ ದೊಡ್ಡ ಮೇಡಂ ಕೋಣೆಗೆ ಬಂದು ಎಲ್ಲರ ಎದುರಿಗೇ ಹೇಳಿದರು. "ನಾಲ್ಕು ವರ್ಷ ನೋಡಿದ್ವಿ. ಒಂದೂ ತಪ್ಪಿಲ್ಲ."

ಯಾರೋ ಮೂಗೆಳೆದುಕೊಂಡರು. ಅರಳುಮಾವ ಕೂತಲ್ಲಿಂದಲೇ ಹೇಳಿದರು, "ಎಂಟಿದೆ ಮೇಡಂ."

"ಅದು ನನ್ನದು" ಎಂದಳು ಬ್ರಶ್ಶಕ್ಕ, ಬಾಗಿಲ ಹತ್ತಿರದಿಂದ. "ಆ ಎಂಟು ಹಾಳೆ ನನ್ನ ಲೆಕ್ಕಕ್ಕೆ ಬರೀರಿ."

ದೊಡ್ಡ ಮೇಡಂ ಇಬ್ಬರನ್ನೂ ನೋಡಿದರು. "ನನ್ನ ಹತ್ತಿರ ಅಂಥ ಹಾಳೆ ಯಾವುದೂ ಇಲ್ಲ" ಎಂದು ಹೇಳಿ ಹೊರಟುಹೋದರು. ಅಷ್ಟು ಮೆತ್ತಗಿನ ದನಿಯಲ್ಲಿ ಅವರು ಮಾತಾಡಿದ್ದನ್ನು ಆ ಕೋಣೆ ಕೇಳಿದ್ದು ಅದೊಂದೇ ಸಲ. ಆದರೆ ನಿಯಮ ನಿಯಮವೇ. ಕಣ್ಣಿನ ಪರೀಕ್ಷೆಯಾಯಿತು, ಕಾಗದ ಬಂತು. ಅರಳುಮಾವನಿಗೆ ತಿಂಗಳ ಕೊನೆಯ ದಿನವೇ ಕೆಲಸದ ಕೊನೆಯ ದಿನವಾಯಿತು.

ಆ ದಿನ ಮಧ್ಯಾಹ್ನ ಅವರು ಬ್ರಶ್ಶಕ್ಕನನ್ನು ಕರೆದು, "ನನ್ನ ಕೀಬೋರ್ಡು ತಗೊಂಡು ಬಾ, ತೊಳೆಯೋಣ" ಎಂದರು. ಕೋಣೆಯ ಹಿಂದಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಅವಳು ಒಂದೊಂದು ಟೋಪಿ ಎತ್ತಿ ಅವರ ಅಂಗೈಗೆ ಹಾಕಿದಳು. ಅವರು ಹೆಬ್ಬೆರಳಿನಲ್ಲಿ ಸವರಿ ಒಂದೊಂದರ ಹೆಸರು ಹೇಳಿದರು. ಅವಳಿಗೆ ಎಲ್ಲ ಒಂದೇ ಥರದ ಬೋಳು ಪ್ಲಾಸ್ಟಿಕ್ಕು. ಅವರಿಗೆ ಒಂದೊಂದರ ಸವೆತವೂ ಬೇರೆ. ಯಾವುದು ಎಷ್ಟು ಹಳ್ಳ ಬಿದ್ದಿದೆ, ಯಾವುದರ ಯಾವ ಅಂಚು ತೆಳುವಾಗಿದೆ, ಒಂದನ್ನೂ ತಪ್ಪು ಹೇಳಲಿಲ್ಲ. ನಡುನಡುವೆ ನಕ್ಕರು ಕೂಡ. "ಇದು ನೋಡು, ಸೋಮಾರಿ. ಹೊಸದಿದ್ದ ಹಾಗೇ ಇದೆ. ಇದನ್ನ ನಾನು ವರ್ಷಕ್ಕೆ ನಾಲ್ಕು ಸಲ ಮುಟ್ಟಿದ್ರೆ ಹೆಚ್ಚು."

ಕೊನೆಗೆ ಅಂಕಿಗಳ ಸಾಲು ಬಂತು. ಬ್ರಶ್ಶಕ್ಕ ನಾಲ್ಕನ್ನೂ ಏಳನ್ನೂ ನೀರಿಗೆ ಹಾಕದೆ ಪಕ್ಕಕ್ಕೆ ಇಟ್ಟಳು. ಸದ್ದಿಲ್ಲದೆ ಇಟ್ಟಳು. ಆದರೂ ಅವರಿಗೆ ಗೊತ್ತಾಯಿತು.

"ಎರಡು ಕಮ್ಮಿ ಬಿತ್ತು."

"ಅದು ಹಾಗೇ ಇರ್ಲಿ ಮಾವ."

"ಬೇಡ, ತೆಗೆದುಬಿಡು. ನಾಡಿದ್ದು ಇಲ್ಲಿ ಹೊಸ ಹುಡುಗಿ ಕೂರ್ತಾಳಂತೆ. ಅವಳ ಬೆರಳಿಗೆ ಅದು ಅಡ್ಡಿ."

ಬ್ರಶ್ಶಕ್ಕ ಬಟ್ಟಲಿಗೆ ಬೆಚ್ಚನೆ ನೀರು ಹಾಕಿದಳು, ಚಿಟಿಕೆ ಸಾಬೂನಿನ ಪುಡಿ ಹಾಕಿದಳು. ಎರಡೂ ಟೋಪಿಗಳು ತಳಕ್ಕೆ ಹೋಗಿ ಕೂತವು. ಗೋಂದು ನೆನೆಯುತ್ತಿತ್ತು. ಒಳಗೆ ಹನ್ನೊಂದು ಕೀಬೋರ್ಡುಗಳ ಸದ್ದು ಎದ್ದು ಬೀಳುತ್ತಿತ್ತು. ಅರಳುಮಾವ ಆ ಕಡೆ ಕಿವಿ ತಿರುಗಿಸಿ ಕೂತಿದ್ದರು. ಹೋದ ಸಲ ಅವಳು ಇದೇ ಕೆಲಸವನ್ನು ಹಾಡು ಗುನುಗುತ್ತ ಮಾಡಿದ್ದಳು. ಈಗ ಕಡ್ಡಿಯನ್ನು ಗೋಂದಿನ ಅಂಚಿಗೆ ಮೆಲ್ಲಗೆ ಇಳಿಸಿದಳು. ನಾಲ್ಕರ ಮೇಲಿನದು ಒಂದೇ ಸಲಕ್ಕೆ ಬಿಟ್ಟುಬಂತು. ಏಳರ ಮೇಲಿನದು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಅವಸರ ಮಾಡಲಿಲ್ಲ. ಒರೆಸಿದ ಎರಡನ್ನೂ ಅವರ ಅಂಗೈಯಲ್ಲಿ ಇಟ್ಟಳು. ಅವರು ಒಂದೊಂದನ್ನೂ ಸವರಿ ನೋಡಿ, "ಈಗ ಸರಿ" ಎಂದು ವಾಪಸು ಕೊಟ್ಟರು.